ಕೇಳದೆ ಒಯ್ದ ಅಂಚು

ಗಂಗಾಂಬಿಕಾ ಮೂರನೇ ಪ್ಯಾರಾದ ನಡುವೆ ಇದ್ದಳು. ಎಡಕ್ಕೆ ಆ ದಿನದ ‘ಹೊಳೆದಂಡೆ’ ಪತ್ರಿಕೆ, ಫ್ಯಾನಿನ ಗಾಳಿಗೆ ಹಾರದಂತೆ ಅದರ ಮೇಲೊಂದು ಸ್ಟೇಪ್ಲರ್. ಬಲಕ್ಕೆ ಆರಿದ ಚಹಾ. ಕಣ್ಣು ಪತ್ರಿಕೆಯ ಮೇಲೆ, ಬೆರಳು ಕೀಬೋರ್ಡಿನ ಮೇಲೆ.

‘ಹಿನ್ನೀರು ಈ ಸಲ ಮೆಟ್ಟಿಲು ಹತ್ತುವ ಮುದುಕಿಯ ಹಾಗೆ ಬಂತು. ಒಂದು ಹೆಜ್ಜೆ, ಒಂದು ಉಸಿರು...’

ಟೈಪಿಸಿ ಒಂದು ಗಳಿಗೆ ನಿಂತಳು. ಎಷ್ಟು ಚಂದ ಬರೆಯುತ್ತಾನೆ ಈ ಮನುಷ್ಯ... ಇವನಿಗೂ ಯಾವುದಾದರೂ ಊರು ಮುಳುಗಿದೆಯೇನೋ!

ಬನಹಟ್ಟಿಯ ಆ ಓಣಿಯಲ್ಲಿ ಬೆಳಗಾದರೆ ಪವರ್‌ಲೂಮುಗಳ ಸದ್ದು. ಅವಳ ಡಿಟಿಪಿ ಅಂಗಡಿಯ ಗೋಡೆ ಆ ಸದ್ದಿಗೆ ಸಣ್ಣಗೆ ನಡುಗುತ್ತಲೇ ಇರುತ್ತಿತ್ತು. ಅದು ಅವಳ ಕಿವಿಗೆ ಬೀಳುವುದನ್ನು ಬಿಟ್ಟು ವರ್ಷಗಳಾಗಿದ್ದವು.

"ಒಂದಿಷ್ಟು ಪ್ರಿಂಟ್ ಬೇಕಾಗಿದ್ವು."

ತಲೆ ಎತ್ತಿದಳು. ಕೌಂಟರಿನ ಆಚೆ ಎತ್ತರದ ಗಂಡಸು. ಹೆಗಲಿಗೆ ಚೀಲ, ಅಂಗಿಯ ಮೇಲೆ ಬೈಕಿನ ಧೂಳು. ಕಣ್ಣು ಮಾತ್ರ ಅವಳ ಸ್ಕ್ರೀನಿನ ಮೇಲೆ.

"ಯಾವ ಫೈಲ್ ಐತ್ರಿ? ಪೆನ್‌ಡ್ರೈವ್ ಕೊಡ್ರಿ."

"ಪೆನ್‌ಡ್ರೈವ್ ಇಲ್ಲ. ಇಂಟರ್ನೆಟ್ಟಿನ್ಯಾಗ ಒಂದು ಪುಟ ಐತಿ. ‘ಮುಳುಗಿದೂರಿನವರು’ ಅಂತ. ಈ ವರ್ಷದ್ದು ಪೂರಾ ಬೇಕು."

ಗಂಗಾಂಬಿಕಾಳ ಎದೆ ಹಿಗ್ಗಿತು. ಅದು ಅವಳದೇ ಪುಟ. ಬೀಳಗಿ ತಾಲೂಕಿನಲ್ಲಿ, ಅನಗವಾಡಿಯ ಆಚೆ, ಕೃಷ್ಣೆಯ ದಂಡೆಗೆ ಅವಳ ಊರಿತ್ತು. ಅಣೆಕಟ್ಟಿನ ಹಿನ್ನೀರಿಗೆ ಅದು ಮುಳುಗಿದಾಗ ಅವಳಿನ್ನೂ ಶಾಲೆಯ ಹುಡುಗಿ. ಊರಿನವರು ಚೆದುರಿದರು. ಕೆಲವರು ಪುನರ್ವಸತಿ ಕೇಂದ್ರಕ್ಕೆ, ಕೆಲವರು ಇಚಲಕರಂಜಿಯ ಗಿರಣಿಗಳಿಗೆ, ಕೆಲವರು ಗೋವಾಕ್ಕೆ ಗೌಂಡಿ ಕೆಲಸಕ್ಕೆ. ಅವಳ ಮನೆಯವರು ಮಗ್ಗ ನಂಬಿ ಬನಹಟ್ಟಿಗೆ ಬಂದರು. ಈಗ ಅಣೆಕಟ್ಟಿನ ಎತ್ತರ ಏರಿಸುವ ಮಾತು ಮತ್ತೆ ಎದ್ದಿತ್ತು. ಸರ್ವೆ ಯಾವಾಗ, ಪರಿಹಾರದ ವಿಚಾರಣೆ ಎಲ್ಲಿ, ನೀರು ಎಲ್ಲಿಗೆ ಬಂತು, ಇದೆಲ್ಲ ಬರುತ್ತಿದ್ದದ್ದು ಜಮಖಂಡಿಯ ಈ ಸಣ್ಣ ಪತ್ರಿಕೆಯಲ್ಲಿ ಮಾತ್ರ. ಪತ್ರಿಕೆ ಗೋವಾಕ್ಕೆ ಹೋಗುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಅವಳು ಸುದ್ದಿಯನ್ನು ಅಕ್ಷರ ಬಿಡದೆ ಟೈಪಿಸಿ ತನ್ನ ಪುಟಕ್ಕೆ ಹಾಕುತ್ತಿದ್ದಳು. ಕೆಳಗೆ ಬರೆದವರ ಹೆಸರನ್ನು ತಪ್ಪದೆ ಹಾಕುತ್ತಿದ್ದಳು. ಅಲ್ಲಿಗೆ ತನ್ನ ಋಣ ತೀರಿತು ಎಂದುಕೊಂಡಿದ್ದಳು.

"ನೀವು ಯಾವ ಊರಿನವರ್ರಿ? ನಿಮ್ಮದೂ ಮುಳಿಗೇತೇನು?" ಪ್ರಿಂಟರಿಗೆ ಹಾಳೆ ತುಂಬುತ್ತ ಕೇಳಿದಳು.

"ಇಲ್ರಿ."

"ಮತ್ತ ಓದಾಕ ಒಯ್ತೀರೇನು? ಓದ್ರಿ. ಅದರಾಗ ಯಲ್ಲಾಲಿಂಗ ಅಂತ ಒಬ್ಬರು ಬರೀತಾರ. ನೀರಿನ ಬಗ್ಗೆ ಬರದ್ರ ಕಾಲಿಗೆ ನೀರು ಹತ್ತಿದಂಗ ಆಗತೈತಿ."

"ಹೌದೇನು? ಭೇಟಿ ಆಗೀರೇನು ಅವರನ್ನ?"

"ಇಲ್ಲ. ಬರದದ್ದು ಓದಿದ್ರ ಸಾಕು, ಮನುಷ್ಯಾ ಗೊತ್ತಾಗತಾನ."

ಅಷ್ಟರಲ್ಲಿ ಕರೆಂಟ್ ಹೋಯಿತು. ಓಣಿಯ ಲೂಮುಗಳೆಲ್ಲ ಒಂದೇ ಉಸಿರಿಗೆ ನಿಂತವು. ಪ್ರಿಂಟರಿನ ಬಾಯಲ್ಲಿ ಅರ್ಧ ಹೊರಬಂದ ಹಾಳೆ ಹಾಗೇ ಉಳಿಯಿತು. ಆ ಮೌನದಲ್ಲಿ ಅವನ ದನಿ ಬಹಳ ಹತ್ತಿರದಿಂದ ಬಂದಂತೆ ಕೇಳಿಸಿತು.

"ನಾನ ಯಲ್ಲಾಲಿಂಗ."

ಅವಳ ಕೈ ಹಾಳೆಯ ಮೇಲೇ ನಿಂತಿತು.

"ನಮ್ಮ ಮಾಲಕರು ಕಳಿಸ್ಯಾರ. ಯಾರೋ ನಮ್ಮ ಪೇಪರ್ ಪೂರಾ ಕದ್ದು ನೆಟ್ಟಿಗೆ ಹಾಕಾಕತ್ತಾರ, ಸಾಕ್ಷಿಗೆ ಪ್ರಿಂಟ್ ತಗೊಂಡು ಬಾ ಅಂದ್ರು. ಆ ಯಾರೋ ನೀವ ಅಂತ ಈಗ ಗೊತ್ತಾತು. ನಾ ಬರದದ್ದು ನಿಮ್ಮ ಮುಂದ ಅರ್ಧಾ ಟೈಪ್ ಆಗಿ ಕುಂತೈತಿ."

"ಕದ್ದು?" ಅವಳ ಮುಖ ಕೆಂಪಾಯಿತು. "ತಳಕ್ಕ ನಿಮ್ಮ ಹೆಸರು ಹಾಕೇನಲ್ರಿ!"

"ಹೆಸರು ಹಾಕೂದು ಬ್ಯಾರೆ, ಕೇಳೂದು ಬ್ಯಾರೆ."

"ಗೋವಾದಾಗ ಇಟ್ಟಂಗಿ ಹೊರೂ ಮಂದಿಗೆ ನಿಮ್ಮ ಪೇಪರ್ ಯಾರು ಒಯ್ದು ಕೊಡ್ತಾರ್ರಿ? ನಿಮ್ಮ ಮಾಲಕರು ಕೊಡ್ತಾರೇನು?"

ಕರೆಂಟ್ ಬಂತು. ಓಣಿ ಮತ್ತೆ ಗದ್ದಲ ಹಚ್ಚಿತು. ಪ್ರಿಂಟರು ಉಳಿದದ್ದನ್ನು ಒಂದೊಂದಾಗಿ ಉಗುಳುತ್ತ ಹೋಯಿತು. ಹಾಳೆಗಳ ಕಟ್ಟನ್ನು ಅವಳು ಕೌಂಟರಿನ ಮೇಲೆ ಕುಕ್ಕಿದಳು. ಅವನು ಕಿಸೆಗೆ ಕೈ ಹಾಕಿದ.

"ಬ್ಯಾಡ. ನಿಮ್ಮ ಮಾತಿಗೆ ನಿಮ್ಮ ಹತ್ರ ರೊಕ್ಕ ತಗೊಳ್ಳೂದಿಲ್ಲ."

ಅವನು ಹೋದ ಮೇಲೆ ಪಕ್ಕದ ಅಂಗಡಿಯ ರತ್ನಾಬಾಯಿ ಹೊಲಿಗೆ ಯಂತ್ರ ಬಿಟ್ಟು ಬಾಗಿಲಿಗೆ ಬಂದಳು. "ಯಾರ ಅವಾ? ಕಾಗದದ ಗಂಟು ಹೊತ್ಕೊಂಡು ಹೊಂಟ, ಮಾರಿ ನೋಡಿದ್ರ ಸೋತವನಂಗ ಐತಿ."

"ಯಲ್ಲಾಲಿಂಗ."

"ನೀ ದಿನಾ ಜಪಾ ಮಾಡ್ತಿ, ಆ ಯಲ್ಲಾಲಿಂಗ ಏನು? ನೋಡವಾ, ದೇವರು ಖರೇನ ಬಂದು ನಿಂತ್ರ ನೀ ಜಗಳಾ ತಗದಿ!"

ಗಂಗಾಂಬಿಕಾ ನಗಲಿಲ್ಲ. ಆ ದಿನ ಮೂರನೇ ಪ್ಯಾರಾ ಅರ್ಧಕ್ಕೇ ಉಳಿಯಿತು.

*

ಎಂಟತ್ತು ದಿನ ಬಿಟ್ಟು ಅವನು ಮತ್ತೆ ಬಂದ. ಈ ಸಲ ಪ್ರಿಂಟ್ ಬೇಡವಾಗಿತ್ತು.

"ಆ ಕಟ್ಟು ಓದದ ಮಾಲಕರ ಟೇಬಲ್ಲಿಗೆ ಇಟ್ಟು ಬಂದೆ. ಮನಸ್ಸು ಆಗಲಿಲ್ಲ," ಎಂದ. "ಗೋವಾದ ಮಾತು ಹೇಳಿದ್ರೆಲ್ಲ, ಅದು ತಲ್ಯಾಗ ಕುಂತೈತಿ."

ಅವಳು ಸ್ಟೂಲನ್ನು ಅವನ ಕಡೆ ಸರಿಸಿದಳು. ಅದೇ ಅವಳ ರಾಜಿ.

ಅಂದಿನಿಂದ ಅವನು ರಬಕವಿಗೆ ಸುದ್ದಿಗೆ ಬಂದರೂ, ಮುಧೋಳಕ್ಕೆ ಹೊರಟರೂ, ದಾರಿ ಸುತ್ತಾದರೂ, ಬೈಕು ಅವಳ ಅಂಗಡಿಯ ಮುಂದೆ ನಿಲ್ಲತೊಡಗಿತು. ರತ್ನಾಬಾಯಿ ಬೈಕಿನ ಸದ್ದು ಕೇಳಿದರೆ ಸಾಕು, ಗೋಡೆಯ ಆಚೆಯಿಂದ ಕೆಮ್ಮುತ್ತಿದ್ದಳು.

ಒಂದು ಸಲ ಅವನು ಅವಳ ಪುಟವನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಇದರಾಗ ನಿಮ್ಮ ಮಾತು ಎಲ್ಲೈತಿ?"

"ನನ್ನ ಮಾತು ಯಾರಿಗೆ ಬೇಕಾಗೇತಿ?"

"ನನಗ ಬೇಕಾಗೇತಿ. ನಂದು ಎರಡು ಸಾಲು ತಗೋರಿ. ಅದರ ಮುಂದ, ಇದು ಖರೆ, ಇದು ಸುಳ್ಳು, ನಮ್ಮ ಮನ್ಯಾಗ ಹಿಂಗ ಆಗಿತ್ತು ಅಂತ ಬರೀರಿ. ಅದಕ್ಕ ಯಾರೂ ಕದ್ದದ್ದು ಅನ್ನೂದಿಲ್ಲ. ಪೂರಾ ಎತ್ತಿದ್ರ ಮಾತ್ರ ಕದ್ದದ್ದು."

ಅವಳು ಹಾಗೇ ಮಾಡಿ ನೋಡಿದಳು. ಅವನ ಎರಡು ಸಾಲು ಎತ್ತಿಕೊಂಡು, ಅದರ ಕೆಳಗೆ, ‘ನಮ್ಮ ಮನೆಗೆ ನೀರು ಮುಂದಿನ ಬಾಗಿಲಿಂದ ಬರಲಿಲ್ಲ, ಹಿತ್ತಲಿಂದ ಬಂತು’ ಎಂದು ಶುರುಮಾಡಿದಳು. ಸಂಜೆಯ ಹೊತ್ತಿಗೆ ಇಚಲಕರಂಜಿಯಿಂದ, ಗೋವಾದಿಂದ ಉತ್ತರಗಳು ಬಂದವು. ನಮ್ಮ ಮನೆಗೂ ಹಿತ್ತಲಿಂದಲೇ ಬಂತು ಎಂದು ಯಾರೋ ಬರೆದಿದ್ದರು.

ಅವಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಯಾರಿಗೆ ಮೊದಲು ಹೇಳಲಿ? ಬೈಕಿನ ಸದ್ದಿಗಾಗಿ ಕಿವಿ ಕೊಟ್ಟುಕೊಂಡು ಬಾಗಿಲಿಗೂ ಟೇಬಲ್ಲಿಗೂ ಓಡಾಡಿದಳು. ಅವಳ ಕಿವಿಗೆ ಈಗ ಲೂಮುಗಳೂ ಕೇಳಿಸುತ್ತಿದ್ದವು.

ಮರುದಿನ ಅವನು ಬಂದು, ಓದಿ, ಅವಳ ಮುಖ ನೋಡಿ ನಕ್ಕ. ಆ ನಗುವಿಗೆ ಅವಳು ಸೆರಗು ಸರಿಪಡಿಸಿಕೊಂಡಳು, ಸರಿಯಾಗಿಯೇ ಇದ್ದ ಸೆರಗನ್ನು.

"ಇಂಥಾದ್ದು ಹಿಂದ ಎಂದರ ಬರದೀರೇನು?"

"ಒಂದ ಒಂದು. ಹೋದ ಬ್ಯಾಸಗ್ಯಾಗ. ಅವ್ವ ಹೇಳಿದ್ಲು, ನಾ ಹಂಗ ಇಳಿಸಿದೆ."

ತೆರೆದು ತೋರಿಸಿದಳು. ಊರು ಬಿಡುವ ದಿನ ಅವ್ವ ಇಂದ್ರವ್ವ ಮನೆ ಗುಡಿಸಿ, ನೆಲದಲ್ಲಿ ಹೂತಿದ್ದ ಒರಳಿಗೆ ಅರಿಷಿಣ ಹಚ್ಚಿ, ಅದರೊಳಗೆ ಒಂದು ಹಿಡಿ ಜೋಳ ಹಾಕಿ ಬಂದಿದ್ದಳು. ಖಾಲಿ ಒರಳು ಬಿಟ್ಟು ಬರಬಾರದು ಎಂದು.

ಯಲ್ಲಾಲಿಂಗ ಓದಿದ. ಮತ್ತೊಮ್ಮೆ ಓದಿದ. ಅವನ ಮುಖದ ಬಣ್ಣ ಇಳಿಯಿತು.

"ಇದು... ನಿಮ್ಮ ಅವ್ವಂದೇನು?"

"ಹೂಂ. ಯಾಕ್ರಿ, ಛಲೋ ಇಲ್ಲೇನು?"

"ಛಲೋ ಐತಿ," ಎಂದವನೇ ಎದ್ದ. "ನನಗ ಜಮಖಂಡಿಗೆ ಹೋಗೂದೈತಿ." ಚಹಾ ಬರುವವರೆಗೂ ನಿಲ್ಲಲಿಲ್ಲ.

ಏನಾಯಿತು? ಅವ್ವನ ಮಾತು ಅವನಿಗೆ ಹಳ್ಳಿಗಾಡಿನದು ಅನಿಸಿತೇ? ತಾನೇ ಬಹಳ ಸಲಿಗೆ ತೋರಿಸಿಬಿಟ್ಟೆನೇ? ಅವಳು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ನಾಲ್ಕು ದಿನ ಬೈಕಿನ ಸದ್ದು ಬರಲಿಲ್ಲ. ರತ್ನಾಬಾಯಿಯ ಕೆಮ್ಮೂ ನಿಂತಿತು.

*

ಆ ವಾರವೇ ಓಣಿಯ ಮರೆವ್ವ ಅವರ ಮನೆಗೆ ಬಂದಳು. ಕೈಯಲ್ಲಿ ಮಡಚಿದ ಖಣ.

"ಇಂದ್ರವ್ವಾ, ನಿನ್ನ ಅಂಚಿನ ಸೀರಿ ಮಗ್ಗದಿಂದ ಇಳೀತವಾ. ತಗೋ ನಿನ್ನ ಖಣ."

ಅವರ ಓಣಿಯಲ್ಲಿ ಅದೊಂದು ರೂಢಿ. ಒಬ್ಬರು ಕಟ್ಟಿದ ಅಂಚಿನ ನಮೂನೆಯನ್ನು ಇನ್ನೊಬ್ಬರು ಕೇಳಿ ಒಯ್ಯಬಹುದು. ಆ ಅಂಚಿನ ಮೊದಲ ಸೀರೆ ಇಳಿದಾಗ ಅಂಚಿನ ಒಡತಿಗೆ ಒಂದು ಕುಪ್ಪಸದ ಖಣ ತಂದು ಕೊಡಬೇಕು. ಅಂಚು ಮಾತ್ರ. ಒಡಲನ್ನೂ ಸೆರಗನ್ನೂ ಹಾಗೆಯೇ ನೇಯ್ದರೆ ಓಣಿಯವರು ಅಂಥವರ ಮನೆಯ ನೀರು ಸಹ ಕುಡಿಯುತ್ತಿರಲಿಲ್ಲ.

ಇಂದ್ರವ್ವ ಖಣವನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಇಟ್ಟಳು. ಕಂಡಿಕೆಗೆ ನೂಲು ಸುತ್ತುತ್ತಿದ್ದ ಗಂಗಾಂಬಿಕಾ ಅದನ್ನು ನೋಡಿದಳು. ಹುಟ್ಟಿದಾಗಿನಿಂದ ಎಂಬಂತೆ ನೋಡಿದ ರೂಢಿ... ಯಲ್ಲಾಲಿಂಗನ ಬರಹಗಳನ್ನು ಎಷ್ಟೋ ದಿನ ಒಡಲು ಸೆರಗು ಸಮೇತ ಎತ್ತಿಕೊಂಡವಳಿಗೆ ಇದು ಯಾಕೆ ನೆನಪಾಗಲಿಲ್ಲ?

ಮರುದಿನ ರಜಿಸ್ಟರ್ ಅಂಚೆ ಬಂತು.

‘ಹೊಳೆದಂಡೆ’ಯ ವಕೀಲರ ನೋಟಿಸು. ಪತ್ರಿಕೆಯವರು ಈಗ ತಮ್ಮದೇ ವೆಬ್‌ಸೈಟ್ ತೆಗೆದಿದ್ದಾರೆ, ಅವರ ಬರಹಗಳನ್ನು ಅನುಮತಿಯಿಲ್ಲದೆ ಹಾಕಿದ್ದೀರಿ, ಪುಟ ಮುಚ್ಚಿ, ಕ್ಷಮಾಪಣೆ ಬರೆದುಕೊಡಿ, ಇಲ್ಲವೇ ನ್ಯಾಯಾಲಯಕ್ಕೆ ಬನ್ನಿ. ಜೊತೆಗೆ ಕದ್ದವು ಎನ್ನಲಾದ ಬರಹಗಳ ಪ್ರತಿಗಳು.

ಒಂದೊಂದೇ ತಿರುವಿದಳು. ಹೌದು, ಇದು ಪೂರಾ ಎತ್ತಿದ್ದು. ಇದೂ. ಇದೂ... ಕೊನೆಯ ಹಾಳೆಯನ್ನು ಎರಡು ಸಲ ಓದಿದಳು.

ಅವ್ವನ ಒರಳು!

ಪತ್ರಿಕೆಯ ದೀಪಾವಳಿ ವಿಶೇಷಾಂಕದ ಪುಟ ಅದು. ಬೇರೆಯಾಗಿ ಮಾರುವ ಆ ಸಂಚಿಕೆಯನ್ನು ಅವಳು ಕೊಂಡಿರಲಿಲ್ಲ. ಅರಿಷಿಣ, ಹಿಡಿ ಜೋಳ, ಖಾಲಿ ಬಿಡಬಾರದು ಎಂಬ ಮಾತು, ಎಲ್ಲ ಅಕ್ಷರಕ್ಕೆ ಅಕ್ಷರ. ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು: ಯಲ್ಲಾಲಿಂಗ.

ಅಂದು ಮುಖದ ಬಣ್ಣ ಇಳಿದದ್ದು ಯಾಕೆಂದು ಈಗ ತಿಳಿಯಿತು. ‘ಕೇಳೂದು ಬ್ಯಾರೆ’ ಎಂದು ಪಾಠ ಹೇಳಿದವನು... ತನ್ನ ಅವ್ವನ ಮಾತನ್ನೇ ಕದ್ದು, ತನ್ನನ್ನೇ ಕಳ್ಳಿ ಮಾಡಿದನೇ? ಸ್ಟೂಲ್ ಸರಿಸಿ ಕೂರಿಸಿಕೊಂಡೆನಲ್ಲ ಇಂಥವನನ್ನು!

ಆ ಸಂಜೆಯಿಂದ ಅವನ ಫೋನು ಮತ್ತೆ ಮತ್ತೆ ಬಂತು. ಅವಳು ಎತ್ತಲಿಲ್ಲ.

*

ಜಮಖಂಡಿಯ ಪರಮಾನಂದ ವಕೀಲರು ಎಲ್ಲ ಹಾಳೆಗಳನ್ನೂ ನೋಡಿ ಕನ್ನಡಕ ತೆಗೆದರು.

"ನೋಡವಾ, ಸುದ್ದಿ ಯಾರಪ್ಪಂದೂ ಅಲ್ಲ. ಹೊಳಿ ಎಷ್ಟು ಏರೇತಿ ಅನ್ನೂದನ್ನ ನಿನ್ನ ಮಾತಿನ್ಯಾಗ ನೀ ಯಾವಾಗ ಬೇಕಾದ್ರೂ ಹೇಳಬಹುದು. ಅವರು ಬರದದ್ದರ ಮ್ಯಾಲ ಚರ್ಚೆ ಮಾಡಾಕ, ಟೀಕೆ ಮಾಡಾಕ ನಾಕು ಸಾಲು ಎತ್ತೂದಕ್ಕೂ ಕಾಯ್ದೇದಾಗ ಜಾಗಾ ಐತಿ. ಆದ್ರ ಪೂರಾ ಬರಹ ಎತ್ತಿ ತಳಕ್ಕ ಹೆಸರು ಹಾಕಿದ್ರ ಅದು ಪರವಾನಗಿ ಆಗೂದಿಲ್ಲ. ಅಷ್ಟರ ಮಟ್ಟಿಗೆ ನಿಂದು ತಪ್ಪು."

"ಪೂರಾ ಎತ್ತಿದ್ದನ್ನ ತಗೀತೇನ್ರಿ. ಆದ್ರ ನಾ ಸ್ವಂತ ಬರದದ್ದೂ ಐತಿ. ಪುಟಾನ ಮುಚ್ಚಂದ್ರ..."

"ಮುಚ್ಚೂದು ಬೇಕಿಲ್ಲ." ವಕೀಲರು ಕೊನೆಯ ಹಾಳೆಯನ್ನು ಬೆರಳಿಂದ ತಟ್ಟಿದರು. "ಇದು ನಿನ್ನ ಪುಟದಾಗ ಬ್ಯಾಸಗ್ಯಾಗ ಬಂದೇತಿ. ಅವರ ಅಂಕ ಬಂದದ್ದು ದೀಪಾವಳಿಗೆ. ತಾರೀಖಿರೂ ಪ್ರಿಂಟ್ ಅವರ ಮುಂದ ಇಟ್ಟು ಬಿಡು. ಕದ್ದವರ ತಿರಿಗಿ ನೋಟಿಸ್ ಕೊಟ್ಟಾರ ಅಂತ ಊರೆಲ್ಲಾ ನಗತೈತಿ, ಅವರು ಬಾಯಿ ಮುಚ್ಕೊಂಡು ಹಿಂದ ತಗೀತಾರ. ಆ ವರದಿಗಾರ ಹುಡುಗನ ನೌಕರಿ ಮಾತ್ರ ಉಳಿಯೂದಿಲ್ಲ. ಎಲ್ಲೂ ಸಿಗೂದಿಲ್ಲ ಮತ್ತ."

ಬಸ್ಸಿನಲ್ಲಿ ಮರಳುವಾಗ ಕಬ್ಬಿನ ಟ್ರಾಕ್ಟರುಗಳ ಹಿಂದೆ ಬಸ್ಸು ನಿಂತು ನಿಂತು ಹೊರಟಿತು. ಅವಳ ಮನಸ್ಸೂ ಹಾಗೇ. ಹಾಕಿಬಿಡು ಅವನ ಮುಖದ ಮೇಲೆ, ಅನ್ನುತ್ತಿತ್ತು ಒಂದು ಸಲ. ‘ನನಗ ಬೇಕಾಗೇತಿ’ ಎಂದ ಅವನ ದನಿ ಅಡ್ಡ ಬರುತ್ತಿತ್ತು ಇನ್ನೊಂದು ಸಲ. ಅವಳ ಮಾತು ಬೇಕು ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದಳು. ಇಂದ್ರವ್ವ ಸಿಟ್ಟಾಗುತ್ತಾಳೆಂದು ಎಣಿಸಿದ್ದಳು.

"ನನ್ನ ಒಳ್ಳು ಪೇಪರಿನ್ಯಾಗ ಬಂದೇತೇನು? ಓದು, ಓದು."

ಗಂಗಾಂಬಿಕಾ ಓದಿದಳು. ಇಂದ್ರವ್ವ ಕಂಡಿಕೆ ಬಿಟ್ಟು, ಗದ್ದಕ್ಕೆ ಕೈ ಕೊಟ್ಟು ಕೇಳಿದಳು. ಮುಗಿದ ಮೇಲೆ ಮತ್ತೆ ಕಂಡಿಕೆ ಎತ್ತಿಕೊಂಡಳು.

"ಕೇಳಿದ್ರ ನಾ ಇನ್ನೂ ಹೇಳ್ತಿದ್ದೆ," ಎಂದಳು ಕೊನೆಗೆ. "ಅರ್ಧಾ ಅಷ್ಟ ಬರದಾನ ಪಾಪ."

"ಇನ್ನೂ ಏನೈತಬೇ? ನನಗೂ ಹೇಳಿಲ್ಲ ನೀನು."

"ನೀನೂ ಕೇಳಿಲ್ಲಲ್ಲ."

*

‘ಹೊಳೆದಂಡೆ’ಯ ಕಚೇರಿ ಜಮಖಂಡಿಯ ಹಳೆಯ ಕಟ್ಟಡದ ಮೇಲ್ಮಹಡಿಯಲ್ಲಿತ್ತು. ಮಾಲಕ ಶಿವಯೋಗೆಪ್ಪನವರು ಕೆಟ್ಟವರೇನಲ್ಲ. ಕುರ್ಚಿ ಹಾಕಿಸಿದರು, ಚಹಾ ತರಿಸಿದರು.

"ತಂಗೀ, ನಮ್ಮ ಹುಡುಗರು ಬಿಸಲಾಗ ತಿರಗ್ಯಾಡಿ ಸುದ್ದಿ ತರ್ತಾರ. ತುಬಚಿಗೆ ಹೋಗು, ಬೀಳಗಿಗೆ ಹೋಗು, ಪೆಟ್ರೋಲ್ ಸುಡು. ನೀ ಕುಂತಲ್ಲೇ ಎತ್ತಿ ಹಾಕಿದ್ರ ಜನಾ ನಿನ್ನ ಪುಟಾ ನೋಡ್ತಾರ, ನಮ್ಮದನ್ನ ಯಾರು ನೋಡಬೇಕು? ನೀನ ಹೇಳು, ಇದು ನ್ಯಾಯಾ ಏನು?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದು ಅವಳಿಗೆ ತಾಗಿತು.

ಮೂಲೆಯಲ್ಲಿ, ಕಿಟಕಿಯ ಹತ್ತಿರ, ಯಲ್ಲಾಲಿಂಗ ನಿಂತಿದ್ದ. ಗಡ್ಡ ಬೆಳೆದಿತ್ತು. ಅವಳು ಅವನ ಕಡೆ ನೋಡಲಿಲ್ಲ. ನೋಡದಿದ್ದರೂ ಅವನು ಅಲ್ಲಿರುವುದು ಬೆನ್ನಿಗೆ ಬಿಸಿಲು ತಾಗಿದ ಹಾಗೆ ತಿಳಿಯುತ್ತಿತ್ತು.

"ಪೂರಾ ಎತ್ತಿದ್ದನ್ನ ತಗೀತೇನ್ರಿ. ಅದು ನನ್ನ ತಪ್ಪು, ಅದಕ್ಕ ಕ್ಷಮಾ ಕೇಳ್ತೇನಿ," ಎಂದಳು. "ಆದ್ರ ನಿಮ್ಮ ಎರಡು ಸಾಲು ಇಟ್ಟು ಅದರ ಮುಂದ ನನ್ನ ವಿಚಾರ ಬರದದ್ದು ತಗೆಯೂದಿಲ್ಲ. ಪುಟಾನೂ ಮುಚ್ಚೂದಿಲ್ಲ. ಅದಕ್ಕ ಕೋರ್ಟಿಗೆ ಬಾ ಅಂದ್ರೂ ಬರ್ತೇನಿ."

ಶಿವಯೋಗೆಪ್ಪನವರು ಹುಬ್ಬೇರಿಸಿದರು. ನಂತರ ಕೊನೆಯ ಹಾಳೆಯನ್ನು ಎತ್ತಿ ಅವಳ ಮುಂದೆ ಹಿಡಿದರು. "ಎರಡು ಸಾಲಿನ ಮಾತು ಆಮ್ಯಾಲ ನೋಡೂಣು. ಇದನ್ನ ಏನು ಮಾಡ್ತಿ? ಈ ಒಳ್ಳಿನ ಲೇಖನ ನಮ್ಮ ವಿಶೇಷಾಂಕದಾಗ ಎಲ್ಲಾರಕಿಂತ ಛಲೋ ಅಂತ ಹೆಸರಾತು. ಅದನ್ನೂ ಪೂರಾ ಎತ್ತಿ, ಯಲ್ಲಾಲಿಂಗನ ಹೆಸರೂ ಹಾಕಿಲ್ಲ ನೀನು."

ಅವಳ ಮಡಿಲಲ್ಲಿ ಚೀಲವಿತ್ತು. ಚೀಲದೊಳಗೆ ತಾರೀಖಿನ ಪ್ರಿಂಟ್ ಇತ್ತು. ಕೈ ಚೀಲದ ಬಾಯಿಗೆ ಹೋಯಿತು.

ಒಂದು ಹಾಳೆ. ತೆಗೆದು ಇಟ್ಟರೆ ತಾನು ಗೆದ್ದೆ. ಅವನು ಇನ್ನು ಮೇಲೆ ನೀರಿನ ಬಗ್ಗೆ ಬರೆಯುವುದಿಲ್ಲ. ಯಾವುದರ ಬಗ್ಗೆಯೂ ಬರೆಯುವುದಿಲ್ಲ...

ಕೈ ಚೀಲದೊಳಗೆ ಹೋಗಲಿಲ್ಲ.

"ಅದನ್ನೂ ತಗೀತೇನ್ರಿ," ಎಂದಳು. ಗದ್ದಕ್ಕೆ ಕೈ ಕೊಟ್ಟು ಕೇಳಿದ ಅವ್ವ ಕಣ್ಣ ಮುಂದೆ ಬಂದಳು.

"ಬ್ಯಾಡ."

ಯಲ್ಲಾಲಿಂಗ ಕಿಟಕಿ ಬಿಟ್ಟು ಟೇಬಲ್ಲಿನ ಹತ್ತಿರ ಬಂದಿದ್ದ.

"ಅದು ನಂದಲ್ಲ ಸರ್. ಅವರ ಅವ್ವಂದು, ಇಂದ್ರವ್ವ ಅವರದು. ಬರದಾಕಿ ಇಕಿ. ಮುಧೋಳದ ಗೆಳ್ಯಾ ಒಬ್ಬ ಮೇಲ್ ಕಳಿಸಿದ್ದ. ಅದರಾಗ ಹೆಸರು ಇರಲಿಲ್ಲ. ಹೆಸರಿಲ್ಲಂದ್ರ ಯಾರದೂ ಅಲ್ಲ ಅಂತ ತಿಳಕೊಂಡೆ. ಅಂಕಕ್ಕ ಕೊಡೂದು ತಡಾ ಆಗಿತ್ತು... ನನ್ನ ಹೆಸರು ಹಾಕಿ ಕೊಟ್ಟೆ. ಯಾರದು ಅಂತ ಗೊತ್ತಾಗಿ ಸುಮಾರು ದಿನಾ ಆತು. ಹೇಳಾಕ ಧೈರ್ಯ ಆಗಲಿಲ್ಲ."

ಶಿವಯೋಗೆಪ್ಪನವರು ಆ ಹಾಳೆಯನ್ನು ಕೆಳಗಿಟ್ಟು, ಬೋರಲು ಮಾಡಿದರು.

"ನಿನ್ನ ನಂಬಿ ಈ ಹುಡುಗಿಗೆ ನೋಟಿಸ್ ಕಳಿಸಾಕ ವಕೀಲರಿಗೆ ಹೇಳಿದ್ನಲ್ಲೋ," ಎಂದರು ಮೆಲ್ಲಗೆ. ಆ ಮೆಲ್ಲಗಿನ ಮಾತು ಬೈಗುಳಕ್ಕಿಂತ ಹೆಚ್ಚಾಗಿತ್ತು. "ಹೋಗವಾ ತಂಗೀ. ಪೂರಾ ಎತ್ತಿದ್ದಷ್ಟು ತಗಿ. ಉಳದದ್ದು ನಿಂದು. ನೋಟಿಸ್ ಹಿಂದ ತಗೀತೀನಿ, ತಿದ್ದುಪಡಿ ಹಾಕ್ತೀನಿ. ನಿಮ್ಮವ್ವನ ಹೆಸರು ಸಮೇತ."

ಅವಳು ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನವರೆಗೆ ಹಿಂದೆ ನೋಡದೆ ನಡೆದಳು. ಹೆಜ್ಜೆ ಸದ್ದು ಹಿಂದೆಯೇ ಬರುತ್ತಿತ್ತು.

"ಗಂಗಾಂಬಿಕಾ..."

ನಿಂತಳು. "ನಾ ತಗೀತೇನಿ ಅಂದಿದ್ನಲ್ಲ. ಅಲ್ಲಿಗೆ ಮುಗೀತಿತ್ತು. ಬಾಯಿ ಯಾಕ ಬಿಟ್ರಿ?"

"ನೀವು ಹಂಗಂದ್ರಿ ಅಂತ ಬಿಟ್ಟೆ. ನಿಮ್ಮ ಪುಟದಾಗ ತಾರೀಖು ನಾನೂ ನೋಡಿದ್ದೆ, ಚೀಲದಾಗ ಏನೈತಿ ಅಂತ ನನಗ ಗೊತ್ತಿತ್ತು. ನನ್ನ ಸಲುವಾಗಿ ಅದನ್ನ ತಗೀಲಿಲ್ಲ ನೀವು."

"ನಿಮ್ಮ ಸಲುವಾಗಿ ಅಂತ ಯಾರು ಹೇಳಿದ್ರು?"

ಅವನು ತಲೆ ತಗ್ಗಿಸಿದ. "ನೌಕರಿ ಏನಾಗತೈತೋ ಗೊತ್ತಿಲ್ಲ. ಅದು ಹೋಗಲಿ. ನಿಮ್ಮನ್ನ ಕ್ಷಮಾ ಕೇಳಬೇಕಾಗೇತಿ."

"ಮಾತು ನಂದಲ್ಲ, ಅವ್ವಂದು," ಎಂದಳು ಗಂಗಾಂಬಿಕಾ, ಬಸ್ಸು ಹತ್ತುತ್ತ. "ಕೇಳೂದಿದ್ರ ಅಕಿನ್ನ ಕೇಳ್ರಿ."

ಬಸ್ಸು ತಿರುಗಿದಾಗ ಕಿಟಕಿಯಿಂದ ನೋಡಿದಳು. ಅವನು ಅಲ್ಲೇ ನಿಂತಿದ್ದ, ದಾರಿ ಕೇಳಲು ಮರೆತವನ ಹಾಗೆ. ಸಿಟ್ಟು ಇನ್ನೂ ಇತ್ತು. ಸಿಟ್ಟಿನ ತಳದಲ್ಲಿ ಮತ್ತೇನೋ ಇತ್ತು, ಅದು ಊರು ಮುಟ್ಟುವವರೆಗೂ ಅವಳನ್ನು ಸುಮ್ಮನೆ ಕೂರಗೊಡಲಿಲ್ಲ.

*

ತಿದ್ದುಪಡಿ ಬಂತು. ಒಳಪುಟದ ಮೂಲೆಯಲ್ಲಿ, ಆದರೆ ಇಂದ್ರವ್ವನ ಹೆಸರಿನೊಂದಿಗೆ. ಗಂಗಾಂಬಿಕಾ ಪೂರಾ ಎತ್ತಿದ್ದನ್ನೆಲ್ಲ ತನ್ನ ಪುಟದಿಂದ ತೆಗೆದು, ಸುದ್ದಿಗಳನ್ನು ತನ್ನ ಮಾತಿನಲ್ಲಿ ಮತ್ತೆ ಬರೆಯತೊಡಗಿದಳು. ಬೇಗ ಸಾಗುತ್ತಿರಲಿಲ್ಲ. ಒಂದು ಸಾಲು ಬರೆದು ಎದ್ದು ಬಾಗಿಲಿಗೆ ಹೋಗುತ್ತಿದ್ದಳು, ಓಣಿಯ ತುದಿ ನೋಡುತ್ತಿದ್ದಳು, ಬಂದು ಇನ್ನೊಂದು ಸಾಲು.

"ಏನವಾ, ಬಾಗಲದಾಗ ಏನರ ಬಿತ್ತೀಯೇನು? ದಿನಾ ನೋಡ್ತಿ," ಎಂದಳು ರತ್ನಾಬಾಯಿ.

ಅವನು ಬಂದದ್ದು ಅಂಗಡಿಗಲ್ಲ, ಮನೆಗೆ. ಭಾನುವಾರ, ಇಂದ್ರವ್ವ ಅಂಗಳದಲ್ಲಿ ನೂಲು ಬಿಸಿಲಿಗೆ ಹಾಕುತ್ತಿದ್ದಾಗ. ಗಂಗಾಂಬಿಕಾ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ದನಿ ಕೇಳಿ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀಯಿತು.

"ಇಂದ್ರವ್ವ ಅಂದ್ರ ನೀವ ಏನ್ರಿ?"

"ನಾನ. ನೀ ಯಾರಪ್ಪಾ?"

"ನಿಮ್ಮ ಅಂಚು ಕೇಳದ ಒಯ್ದಾಂವ್ರಿ." ಕಾಗದ ಬಿಚ್ಚುವ ಸದ್ದು. "ನಾ ನೇಯಾಂವಲ್ಲ. ಗುಳೇದಗುಡ್ಡಕ್ಕ ಹೋಗಿ ಖಣ ಕೊಂಡು ತಂದೇನಿ. ರೂಢಿಗೆ ತಪ್ಪಾದ್ರ ಹೇಳ್ರಿ."

ಈ ರೂಢಿ ಇವನಿಗೆ ಯಾರು ಹೇಳಿದರು? ಗಂಗಾಂಬಿಕಾಳಿಗೆ ಗೋಡೆಯಾಚೆಯ ಒಂದು ಕೆಮ್ಮು ನೆನಪಾಯಿತು.

"ತಪ್ಪ ಐತಿ," ಎಂದಳು ಇಂದ್ರವ್ವ. "ಮದಲ ಕೇಳಬೇಕು, ಆಮ್ಯಾಲ ಒಯ್ಯಬೇಕು, ಆಮ್ಯಾಲ ಖಣಾ. ನೀ ಹಿಂದ ಮುಂದ ಮಾಡಿದಿ. ಕುಂದರು. ನೌಕರಿ ಹೋತಂತಲ್ಲ?"

"ಪೂರಾ ಹೋಗಿಲ್ರಿ. ಒಂದು ವರ್ಷ ಹೆಸರು ಹಾಕೂದಿಲ್ಲ ಅಂದ್ರು ಮಾಲಕರು. ಮುಧೋಳದಾಗ ಬೆಲ್ಲದ ಪ್ಯಾಟಿ ಧಾರಣಿ ಬರಕೊಂಡು ಅದೇನಿ."

"ಬೆಲ್ಲದ ಮಾತು ಛಲೋನ ಬಿಡು." ಇಂದ್ರವ್ವ ನೂಲು ಬಿಟ್ಟು ಕುಳಿತಳು. "ಒಳ್ಳಿಂದು ಅರ್ಧಾ ಬರದಿದ್ದಿ. ಉಳದದ್ದು ಕೇಳ್ತಿಯೇನು? ಮರು ಬ್ಯಾಸಗ್ಯಾಗ ನೀರು ಹಿಂದ ಸರದಿತ್ತು. ನಾ ಒಬ್ಬಾಕೀನ ಹೋಗಿದ್ದೆ. ಮನಿ ಇರಲಿಲ್ಲ, ಗ್ವಾಡಿ ಇರಲಿಲ್ಲ. ಒಳ್ಳು ಇತ್ತು. ಅದರಾಗ ಒಂದಿಷ್ಟು ನೀರು ನಿಂತಿತ್ತು. ಗುಬ್ಬಿ ಬಂದು ಕುಡ್ಯಾಕತ್ತಿದ್ವು. ನಾ ಅಳಾಕಂತ ಹೋದಾಕಿ... ಅವು ಹಾರಿ ಹೋದಾವು ಅಂತ ಸುಮ್ಮ ನಿಂತು ನೋಡಿ ಬಂದೆ. ಅಳಲಿಲ್ಲ."

ಒಳಗೆ ಗಂಗಾಂಬಿಕಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ಹಿಟ್ಟು ಗಲ್ಲಕ್ಕೆ ಹತ್ತಿತು.

"ಇದನ್ನ ಬರೀಲೇನ್ರಿ?" ಅವನು ಕೇಳಿದ.

"ನನಗ ಬರಿಯಾಕ ಬರೂದಿಲ್ಲ, ಇಬ್ಬರಾಗ ಯಾರರ ಬರೀರಿ. ಅಕಿನ್ನ ಕೇಳು." ಇಂದ್ರವ್ವ ಎದ್ದಳು. "ಸಂಕ್ರಮಣಕ್ಕ ನಾವೆಲ್ಲಾ ಆ ದಂಡಿಗೆ ರೊಟ್ಟಿ ಕಟ್ಟಿಕೊಂಡು ಹೋಗ್ತೀವಿ. ಬರೂದಿದ್ರ ಬಾ. ಗೋವಾದವರೂ ಬರ್ತಾರ."

ಅವಳು ಬೇಕೆಂದೇ ಮರೆವ್ವನ ಮನೆಯ ಕಡೆ ನಡೆದಳು.

ಗಂಗಾಂಬಿಕಾ ಬಾಗಿಲಿಗೆ ಬಂದು ನಿಂತಳು. ಅವನು ಎದ್ದು ನಿಂತ. ಅವಳ ಗಲ್ಲದ ಹಿಟ್ಟು ನೋಡಿದ, ಹೇಳಲಿಲ್ಲ.

"ನಿಮ್ಮ ಅವ್ವ ನಿಮ್ಮನ್ನ ಕೇಳು ಅಂದ್ರು."

"ಕೇಳಿಸಿತು. ರೊಟ್ಟಿ ಸೀಯೂ ಮಟಾ ಕೇಳಿಸಿತು."

"ಗುಬ್ಬಿದು ನೀವ ಬರೀರಿ. ನಾ ಓದ್ತೀನಿ. ನನಗ ಕೇಳೂದು ಬ್ಯಾರೆ ಐತಿ." ಅವನು ಒಂದು ಉಸಿರು ನಿಂತ. "ಮದಲನೇ ದಿನಾ ಕರೆಂಟ್ ಹೋದಾಗ ಜಗಳಾ ತಗದ್ರೆಲ್ಲ... ಅವತ್ತಿಂದ ನಾ ಎಲ್ಲಿ ಕುಂತ್ರೂ ಆ ಅಂಗಡ್ಯಾಗ ಅದೇನಿ. ಇನ್ನ ಮುಂದ ಕೇಳದ ಏನೂ ಒಯ್ಯೂದಿಲ್ಲ ಗಂಗಾಂಬಿಕಾ. ಅದಕ್ಕ ಕೇಳಾಕತ್ತೇನಿ. ಜೀವನಾ ಪೂರಾ ನನ್ನ ಜೋಡಿ ಬರ್ತಿಯೇನು?"

ಅವಳು ತಲೆ ತಗ್ಗಿಸಿದಳು. ತುಟಿಯ ಅಂಚಿಗೆ ನಗು ಬಂದು ನಿಂತಿತು.

"ಪೂರಾ ಒಯ್ಯುವಂಗಿಲ್ಲ," ಎಂದಳು. "ಸದ್ಯಕ್ಕ ಎರಡು ಸಾಲು ಅಷ್ಟ."

"ಎರಡು ಸಾಲಿಗೆ ಕಾಯ್ದೇದಾಗ ಜಾಗಾ ಐತಿ," ಎಂದ ಅವನು. ಇಬ್ಬರೂ ನಕ್ಕರು. ಎಷ್ಟೋ ದಿನದ ಮೇಲೆ.

"ಉಳದದ್ದಕ್ಕ ಉತ್ತರ?"

"ಈಗ ರೊಟ್ಟಿ ಬಡಿತೇನಿ. ಉಂಡು ಹೋಗ್ರಿ."

ಅವನು ಉಂಡು ಹೋದ ಮೇಲೆ ಅವಳು ಕಟ್ಟೆಯ ಮೇಲಿದ್ದ ಖಣವನ್ನು ಬಿಚ್ಚಿದಳು. ಕಡುಗೆಂಪು, ನೀಲಿ ಅಂಚು. ಅವ್ವನ ಪೆಟ್ಟಿಗೆಗೆ ಇಡಬೇಕಾದದ್ದು. ಅಂಚು ಕೊಟ್ಟವಳಿಗೆ ಸೇರಿದ್ದು. ಇಂದ್ರವ್ವ ಮರಳಿ ಬಂದು, ಅವಳ ಕೈಯಲ್ಲಿ ಅದನ್ನು ನೋಡಿ, ನೋಡದವಳಂತೆ ನೂಲಿನ ಕಡೆ ಹೋದಳು.

ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಗಂಗಾಂಬಿಕಾ ರತ್ನಾಬಾಯಿಯ ಮುಂದೆ ಖಣ ಇಟ್ಟಳು.

"ಕುಪ್ಪಸ ಹೊಲಿ. ಸಂಕ್ರಮಣಕ್ಕಿಂತ ಮದಲ ಬೇಕು."

"ಯಾಕ? ಏನೈತಿ ಸಂಕ್ರಮಣಕ್ಕ?"

"ಏನೂ ಇಲ್ಲ. ಹೊಳಿಗೆ ಹೋಗ್ತೀವಿ."

ರತ್ನಾಬಾಯಿ ಟೇಪು ಹಿಡಿದು ಅವಳ ಮುಖ ನೋಡಿದಳು. ಗಂಗಾಂಬಿಕಾ ತೋಳು ಚಾಚಿ ಸುಮ್ಮನೆ ನಿಂತಳು. ಆ ಕುಪ್ಪಸ ತೊಟ್ಟು ದಂಡೆಗೆ ಹೋಗುತ್ತೇನೆ. ನೀರಿನೆದುರು ಅವನ ಪಕ್ಕದಲ್ಲಿ ಕೂತು ಉಳಿದ ಉತ್ತರ ಕೊಡುತ್ತೇನೆ. ಅದು ಅವಳಿಗೆ ಆಗಲೇ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ.

ಆಚೆ ಓಣಿಯಲ್ಲಿ ಲೂಮುಗಳು ಒಂದೊಂದಾಗಿ ಶುರುವಾದವು.